ಎಣಿಕೆಗೆ ಬಾರದ ಚೀವಿ

ಕಿವಿಗೆ ವಯಸ್ಸಾಗುವುದು ಮೇಲಿನಿಂದ ಕೆಳಕ್ಕೆ. ಮೊದಲು ಹೋಗುವುದು ತೀರ ಸಣ್ಣ, ತೀರ ಚೂಪಾದ ಸದ್ದುಗಳು. ಮನುಷ್ಯರ ಮಾತು, ಗುಡುಗು, ಟ್ರ್ಯಾಕ್ಟರು ಇವೆಲ್ಲ ಬಹಳ ಕಾಲ ಉಳಿದುಕೊಳ್ಳುತ್ತವೆ. ಇದನ್ನು ಮಹಾಬಲೇಶ್ವರನಿಗೆ ಹೇಳಿದವಳು ಅವನ ಹೆಂಡತಿ ಶೋಭನಾ. ಸ್ವೀಡನ್ನಿನ ಓರೆಬ್ರೂ ಪೇಟೆಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವುದೇ ಅವಳ ಉದ್ಯೋಗ. ಆದರೆ ಅವಳು ಹೇಳಿದ್ದು ಅವನ ತಲೆಗೆ ಸರಿಯಾಗಿ ಇಳಿದದ್ದು ರಾಗ್ನರಜ್ಜನಿಂದ.

ರಾಗ್ನರಜ್ಜ ಅವರ ಮನೆಯ ಮಾಲೀಕ. ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ಅವನದೊಂದು ದೊಡ್ಡ ಮನೆ, ಅಂಗಳದಾಚೆಗೆ ಒಂದು ಸಣ್ಣ ಮನೆ. ಸಣ್ಣದನ್ನು ಇವರಿಗೆ ಬಾಡಿಗೆಗೆ ಕೊಟ್ಟಿದ್ದ. ಶೋಭನಾ ದಿನವೂ ಪೇಟೆಗೆ ಹೋಗಿ ಬರುತ್ತಿದ್ದಳು. ಮಗಳು ಭೂಮಿ ಹಳ್ಳಿಯ ಶಾಲೆಗೆ. ಮಹಾಬಲೇಶ್ವರ ಪಕ್ಕದವರ ಕುರಿ ಸಾಕಣೆಯಲ್ಲಿ ಬೇಲಿ ಕಟ್ಟುವುದು, ಹುಲ್ಲು ಹಾಕುವುದು, ಮರಿ ಹಾಕುವ ಕಾಲದಲ್ಲಿ ಕೊಟ್ಟಿಗೆಯಲ್ಲೇ ಮಲಗುವುದು, ಇಂಥ ಕೆಲಸಕ್ಕೆ.

ಒಂದು ವಸಂತದಲ್ಲಿ ಅವನು ಕಾಡಿನಂಚಿನಲ್ಲಿ ಬೇಲಿಯ ತಂತಿ ಬಿಗಿಯುತ್ತಿದ್ದಾಗ ಅಜ್ಜ ಸೂಜಿಯೆಲೆಯ ಒಂದು ಸ್ಪ್ರೂಸ್ ಮರದ ಕೆಳಗೆ ಬಹಳ ಹೊತ್ತಿನಿಂದ ತಲೆಯೆತ್ತಿ ನಿಂತಿದ್ದ.

"ರಾಜಹಕ್ಕಿಗಳೇ ಇಲ್ಲ ನೋಡು, ಮಹಾ," ಎಂದ. ಮಹಾಬಲೇಶ್ವರ ಎನ್ನುವುದು ಅಜ್ಜನ ಬಾಯಿಯಲ್ಲಿ ಎಂದೂ ಪೂರ್ತಿಯಾದದ್ದಲ್ಲ. "ಹೋದ ವರ್ಷವೂ ಇರಲಿಲ್ಲ. ಕಾಡು ಖಾಲಿಯಾಗುತ್ತಿದೆ."

ರಾಜಹಕ್ಕಿ ಎಂದರೆ ಸ್ವೀಡನ್ನಿನ ಹಕ್ಕಿಗಳಲ್ಲೇ ಪುಟ್ಟದು. ಹೆಬ್ಬೆರಳಿನಷ್ಟು ಮೈ, ನೆತ್ತಿಯ ಮೇಲೊಂದು ಹಳದಿ ಪಟ್ಟಿ, ಸೂಜಿಯಂಥ ಸ್ವರ. ಮಹಾಬಲೇಶ್ವರ ಕೈಯಲ್ಲಿದ್ದ ಇಕ್ಕಳವನ್ನೇ ಎತ್ತಿ ತೋರಿಸಿದ. "ಅಲ್ಲೇ ಹಾಡ್ತಾ ಇದೆಯಲ್ಲ ಅಜ್ಜ. ನಿನ್ನ ತಲೆಯ ಮೇಲೇ."

ಅಜ್ಜ ಮರವನ್ನು ನೋಡಿದ, ಇವನನ್ನು ನೋಡಿದ. ಕಲ್ಲೊಂದರ ಮೇಲೆ ಕೂತುಕೊಂಡ. "ಹಾಗಾದರೆ ಖಾಲಿಯಾದದ್ದು ಕಾಡಲ್ಲ," ಎಂದ.

ಅಂದಿನಿಂದ ಮಹಾಬಲೇಶ್ವರ ರಾಗ್ನರಜ್ಜನ ಕಿವಿಯಾದ.

ಆ ಕಡೆಯ ಹಕ್ಕಿ ಸಂಘದವರಿಗೆ ಒಂದು ಪದ್ಧತಿಯಿತ್ತು. ಪ್ರತಿ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ, ಗೊತ್ತು ಮಾಡಿದ ಒಂದೇ ದಾರಿಯಲ್ಲಿ ಒಬ್ಬರೇ ನಡೆಯಬೇಕು. ಗೊತ್ತು ಮಾಡಿದ ಜಾಗಗಳಲ್ಲಿ ಐದೈದು ನಿಮಿಷ ಸುಮ್ಮನೆ ನಿಲ್ಲಬೇಕು. ಕಂಡ ಕೇಳಿದ ಹಕ್ಕಿಯನ್ನೆಲ್ಲ ಎಣಿಸಬೇಕು. ಅಷ್ಟೇ. ಆದರೆ ಅದೇ ದಾರಿ, ಅದೇ ಜಾಗ, ವರ್ಷ ವರ್ಷವೂ. ಹಾಗೆ ಮಾಡಿದರೆ ಮಾತ್ರ ಯಾವುದು ಹೆಚ್ಚಿತು, ಯಾವುದು ಕಡಿಮೆಯಾಯಿತು ಎಂದು ತಿಳಿಯುತ್ತದೆ. ಈ ಹಳ್ಳಿಯ ಸುತ್ತು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಅಜ್ಜನದು. ಎರಡು ಜೂನ್ ಮಹಾಬಲೇಶ್ವರ ಅವನ ಜೊತೆ ಹೋದ. ಸಂಘಕ್ಕೂ ಅದು ಗೊತ್ತಿತ್ತು.

"ನಾನು ಆಸ್ಪತ್ರೆಲಿ ಹಿಯರಿಂಗ್ ಏಡ್ ಕೊಡ್ತೀನಿ," ಎಂದು ಶೋಭನಾ ಛೇಡಿಸುತ್ತಿದ್ದಳು, "ನೀವು ಮನೇಲಿ ನೀವೇ ಹಿಯರಿಂಗ್ ಏಡ್ ಆಗಿ ಕೂತಿದೀರ. ಬ್ಯಾಟರಿ ಖರ್ಚೂ ಇಲ್ಲ."

ಹಕ್ಕಿ ನೋಡುವುದು ಅವನಿಗೆ ಹೊಸದೇನಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಅವನು ಹದಿನೈದು ವರ್ಷ ಮೇಲ್ವಿಚಾರಕನಾಗಿದ್ದವನು. ಚಳಿಗಾಲದಲ್ಲಿ ಆ ಗದ್ದೆಗಳಿಗೆ ಬಂದಿಳಿಯುವ ಬೂದು ಬಣ್ಣದ ಸಣ್ಣ ಸಣ್ಣ ಹಕ್ಕಿಗಳು, ಕಾಲಿನ ಬಣ್ಣ ಒಂದು ಬಿಟ್ಟರೆ ಎಲ್ಲ ಒಂದೇ ಅಚ್ಚು. ಉಪ್ಪು ಕಟ್ಟುವುದನ್ನು ಕಾಯುತ್ತ ಕೂತವನಿಗೆ ಅವನ್ನು ಬೇರೆ ಬೇರೆ ಮಾಡಿ ನೋಡುವುದೇ ಹೊತ್ತು ಕಳೆಯುವ ದಾರಿಯಾಗಿತ್ತು. ಶೋಭನಾಳಿಗೆ ಇಲ್ಲಿ ಕೆಲಸ ಸಿಕ್ಕಿ ಹೊರಟು ಬಂದ ಮೇಲೆ ಆ ಹೊತ್ತು, ಆ ಬಿಸಿಲು ಎಲ್ಲ ಅಲ್ಲೇ ಉಳಿಯಿತು. ಕುರಿಗಳಿಗೆ ಅವನ ಬಗ್ಗೆ ಯಾವ ದೂರೂ ಇರಲಿಲ್ಲ. ಆದರೆ ಈ ಊರಿನಲ್ಲಿ ಯಾರಾದರೂ ಅವನನ್ನು ಒಂದು ವಿಷಯ ಕೇಳಿ ಉತ್ತರಕ್ಕೆ ಕಾಯುತ್ತಿದ್ದರೆ ಅದು ರಾಗ್ನರಜ್ಜ ಮಾತ್ರ, ಅದೂ ಆ ದಾರಿಯ ಮೇಲೆ.

ಅಜ್ಜ ಅವನಿಗೆ ಕಲಿಸಿದ್ದು ಮುಖ್ಯವಾಗಿ ಹಸಿರು ಹಕ್ಕಿಗಳನ್ನು. ಕಟ್ಟಿಗೆ ಒಟ್ಟಿನ ಸಂದಿಯಲ್ಲಿ ಬಾಲ ನೆಟ್ಟಗೆ ನಿಲ್ಲಿಸಿಕೊಂಡು ಓಡಾಡುವ ಕಂದು ಬಣ್ಣದ ರೆನ್ ಹಕ್ಕಿಯನ್ನು ಗುರುತಿಸಲು ಯಾರೂ ತಪ್ಪುವುದಿಲ್ಲ. ಮೈಗಿಂತ ಹತ್ತು ಪಟ್ಟು ದೊಡ್ಡದು ಅದರ ಗಂಟಲು. ಆದರೆ ಅಜ್ಜನ ಬಳಿಯಿದ್ದ ಒಂದು ಹಳೆಯ ಇಂಗ್ಲಿಷ್ ಪುಸ್ತಕದಲ್ಲಿ ಮರದೆಲೆಗಳ ನಡುವೆ ತಿರುಗುವ ಪುಟ್ಟ ಹಸಿರು ಹಕ್ಕಿಗಳನ್ನೂ ರೆನ್ ಎಂದೇ ಬರೆದಿದ್ದರು. ಒಂದು ಕಾಲದಲ್ಲಿ ಅವೆಲ್ಲ ಒಂದೇ ಹಕ್ಕಿ ಅಂದುಕೊಂಡಿದ್ದರಂತೆ. ಯಾರೋ ತಾಳ್ಮೆಯಿಂದ ಕೂತು ಕೇಳಿ, ಒಂದಲ್ಲ ಮೂರು ಎಂದು ಬಿಡಿಸಿದರಂತೆ. ಸ್ವೀಡಿಷರು ಅವಕ್ಕೆ ಇಟ್ಟಿದ್ದು ಹಾಡುಗಾರ ಎಂಬ ಹೆಸರು. ಎಲೆಯ ಹಾಡುಗಾರ, ಸ್ಪ್ರೂಸಿನ ಹಾಡುಗಾರ, ಹಸಿರು ಹಾಡುಗಾರ.

"ಎಲೆಯದಕ್ಕೆ ಕಾಲು ತಿಳಿ ಕಂದು. ಸ್ಪ್ರೂಸಿನದಕ್ಕೆ ಕಪ್ಪು," ಎನ್ನುತ್ತಿದ್ದ ಅಜ್ಜ. "ಆದರೆ ಮರದ ತುದಿಯಲ್ಲಿ ಕೂತ ಹಕ್ಕಿಯ ಕಾಲು ನಿನಗೆ ಯಾರು ತೋರಿಸುತ್ತಾರೆ? ನಡತೆ ನೋಡು. ಸ್ಪ್ರೂಸಿನದು ಬಾಲ ಕೆಳಗೆ ಒತ್ತುತ್ತಲೇ ಇರುತ್ತದೆ. ನೀರೆತ್ತುವ ಪಂಪಿನ ಹಿಡಿಕೆಯ ಹಾಗೆ. ಎಲೆಯದಕ್ಕೆ ಆ ಚಾಳಿ ಕಡಿಮೆ."

ಹಾಡೂ ಬೇರೆ. ಎಲೆಯ ಹಾಡುಗಾರನದು ಮೇಲಿಂದ ಜಾರಿ ಬಂದು ನಿಟ್ಟುಸಿರಿನಲ್ಲಿ ಮುಗಿಯುವ ಹಾಡು. ಸ್ಪ್ರೂಸಿನದಕ್ಕೆ ಎರಡೇ ಸ್ವರ. ಮಳೆ ನಿಂತ ಮೇಲೆ ಮಾಡಿನಿಂದ ಎರಡು ಪಾತ್ರೆಗಳಿಗೆ ಹನಿ ಬಿದ್ದ ಹಾಗೆ, ಚಿಲ್, ಚಲ್, ಚಿಲ್, ಚಲ್. ಹಸಿರಿನದು ಸ್ಟೀಲ್ ತಟ್ಟೆಯನ್ನು ನೆಲದ ಮೇಲೆ ತಿರುಗಿಸಿ ಬಿಟ್ಟಂತೆ, ನಿಲ್ಲುವ ಮುಂಚಿನ ಆ ನಡುಕ.

ಮನೆಯಲ್ಲಿ ಇದನ್ನೆಲ್ಲ ಭೂಮಿಗೆ ತೋರಿಸಲು ಹೋದರೆ ಅವಳು ಅಜ್ಜ ಕೊಟ್ಟ ಹಕ್ಕಿ ಪುಸ್ತಕದ ಪುಟವನ್ನು ಒಮ್ಮೆ ನೋಡಿ, "ಪಪ್ಪಾ, ದೇ ಆರ್ ಲಿಟರಲಿ ದ ಸೇಮ್ ಬರ್ಡ್," ಎಂದು ಎದ್ದು ಹೋಗುತ್ತಿದ್ದಳು.

ಮೂರನೆಯ ವರ್ಷದ ಮೇ ತಿಂಗಳಲ್ಲಿ ಅಜ್ಜ ಸುತ್ತನ್ನು ಬಿಡುತ್ತೇನೆ ಎಂದ. ಮೊಣಕಾಲು ಏರು ಹತ್ತುವುದಿಲ್ಲ, ಕಿವಿ ಹೋಗಿದೆ, ಇನ್ನೊಬ್ಬನ ಕಿವಿಯಲ್ಲಿ ಎಣಿಸಿ ತನ್ನ ಹೆಸರು ಹಾಕುವುದು ಸರಿಯಲ್ಲ. "ಮಹಾ ಮಾಡಲಿ ಅಂತ ಸಂಘಕ್ಕೆ ಹೇಳಿದ್ದೇನೆ. ಅವರಿಗೆ ನಿನ್ನ ಹೆಸರು ಗೊತ್ತು, ಪರಿಚಯ ಇಲ್ಲ. ಗುನಿಲ್ಲಾ ಬರುತ್ತಾಳೆ, ಒಂದು ಸಲ ಜೊತೆಗೆ ನಡೆಯುತ್ತಾಳೆ, ನೋಡುತ್ತಾಳೆ."

"ಪರೀಕ್ಷೆಯಾ?"

"ಪರೀಕ್ಷೆಯಲ್ಲ. ನಡೆದಾಟ." ಅಜ್ಜ ನಕ್ಕ. "ಒಂದೇ ಮಾತು ನೆನಪಿಟ್ಟುಕೋ. ಅಪರೂಪದ ಹಕ್ಕಿ ಕಂಡಿತು ಅನ್ನಬೇಡ. ಪೇಟೆಯ ಹಲ್ಲಿನ ಡಾಕ್ಟರು ಒಬ್ಬನಿದ್ದ. ಸಂಘ ಸೇರಿದ ಮೊದಲ ಬೇಸಿಗೆಯಲ್ಲೇ ಮೂರು ಅಪರೂಪದವು ಕಂಡ. ಒಂದೂ ಬೇರೆಯವರಿಗೆ ಕಾಣಲಿಲ್ಲ. ಈಗ ಅವನು ಕಾಗೆ ಅಂದರೂ ಜನ ಒಮ್ಮೆ ಆಕಾಶ ನೋಡಿಕೊಳ್ಳುತ್ತಾರೆ."

ಅಂದು ಸಂಜೆ ಮಹಾಬಲೇಶ್ವರ ಊಟದ ತಟ್ಟೆಯ ಪಕ್ಕದಲ್ಲೇ ಹಕ್ಕಿ ಪುಸ್ತಕ ಬಿಡಿಸಿಟ್ಟುಕೊಂಡಿದ್ದ. ಶೋಭನಾ ಕೇಳಿದಳು, "ಅಷ್ಟೊಂದು ಬೇಕಾ ನಿಮಗೆ ಅದು?"

"ಬೇಕು ಮಾರಾಯ್ತಿ," ಎಂದ. ತನಗೇ ಆಶ್ಚರ್ಯವಾಗುವಷ್ಟು ಬೇಗ.

ಗುನಿಲ್ಲಾ ನಿವೃತ್ತ ಶಾಲಾ ಶಿಕ್ಷಕಿ. ಎತ್ತರದ ಹೆಂಗಸು, ಕೊರಳಲ್ಲಿ ದುರ್ಬೀನು. ಸ್ವೀಡಿಷಿನಲ್ಲಿ ಎಲ್ಲರೂ ಎಲ್ಲರಿಗೂ ನೀನೇ. ಆದರೂ ಅವರೊಡನೆ ಮಾತಾಡುವಾಗ ಮಹಾಬಲೇಶ್ವರನ ಮನಸ್ಸಿನಲ್ಲಿ ನೀವು ಎಂದೇ ಕೇಳಿಸುತ್ತಿತ್ತು. ಜೂನಿನ ಮುಂಜಾವು. ಹುಲ್ಲಿನ ಮೇಲೆ ಇಬ್ಬನಿ, ಸೂರ್ಯ ಯಾವಾಗಲೋ ಮೇಲೆ ಬಂದಿದ್ದ. ಅವರು ಹೆಚ್ಚು ಮಾತಾಡಲಿಲ್ಲ. ಪ್ರತಿ ಜಾಗದಲ್ಲೂ ಅವನಿಂದ ನಾಲ್ಕು ಹೆಜ್ಜೆ ಆಚೆ ನಿಂತು, ಐದು ನಿಮಿಷ ಮುಗಿದ ಮೇಲೆ, "ಹೂಂ, ಏನೇನು?" ಎನ್ನುತ್ತಿದ್ದರು. ಅವನು ಹೇಳುತ್ತಿದ್ದ. ಅವರು ತಮ್ಮ ಕಾಗದ ನೋಡಿಕೊಂಡು ತಲೆಯಾಡಿಸುತ್ತಿದ್ದರು.

ಕೆರೆಯಂಚಿನ ಬರ್ಚ್ ಮರಗಳಲ್ಲಿ ಎರಡು ಹಸಿರು ಹಕ್ಕಿಗಳು ಒಂದನ್ನೊಂದು ಅಟ್ಟಿಕೊಂಡು ಹೋದವು. ಹಾಡಲಿಲ್ಲ.

"ಯಾವುದು?" ಎಂದರು ಗುನಿಲ್ಲಾ.

"ಮುಂದಿನದು ಎಲೆಯದು. ಹಿಂದಿನದು ಗೊತ್ತಾಗಲಿಲ್ಲ."

ಅವರು ಅವನತ್ತ ತಿರುಗಿ ಮೊದಲ ಸಲ ನಕ್ಕರು. "ನನಗೂ."

ಆಮೇಲೆ ಏರು. ಬಡಗಣ ದಿಕ್ಕಿಗೆ ಮುಖ ಮಾಡಿದ ಇಳಿಜಾರು, ಹಳೆಯ ಎತ್ತರದ ಸ್ಪ್ರೂಸ್ ಮರಗಳು, ನಡುವೆ ಅಲ್ಲೊಂದು ಇಲ್ಲೊಂದು ಆಸ್ಪೆನ್. ಕೆಳಗೆ ತೊರೆಯ ಸದ್ದು. ಅಲ್ಲಿ ನಿಂತ ಐದು ನಿಮಿಷದಲ್ಲಿ ಮಹಾಬಲೇಶ್ವರನ ಎದೆ ಯಾಕೋ ಹಗುರಾಯಿತು. ಪರೀಕ್ಷೆಯ ಬಿಗಿ ಸಡಿಲಿ, ಮನೆಯ ಹಿತ್ತಿಲಿನಲ್ಲಿ ಲುಂಗಿ ಉಟ್ಟು ನಿಂತ ಹಾಗೆನಿಸಿತು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡ. ಐದು ನಿಮಿಷ ಮುಗಿದಾಗ ರೆನ್ ಒಂದು, ರಾಜಹಕ್ಕಿ ಎರಡು, ಸ್ಪ್ರೂಸಿನ ಹಾಡುಗಾರ ಒಂದು ಎಂದು ಹೇಳಿದ. ಗುನಿಲ್ಲಾ ಕಾಗದ ನೋಡಿದರು. ಹುಬ್ಬು ಸ್ವಲ್ಪ ಕೂಡಿಸಿದರು. ಅದರಲ್ಲಿ ಏನೋ ಗುರುತು ಹಾಕಿ ಮುಂದೆ ನಡೆದರು.

ಸುತ್ತು ಮುಗಿದಾಗ ಕಾರಿನ ಬಾನೆಟ್ಟಿನ ಮೇಲೆ ಥರ್ಮಾಸಿನಿಂದ ಕಾಫಿ ಬಗ್ಗಿಸಿ, ಏಲಕ್ಕಿ ಹಾಕಿದ ಬನ್ನು ಕೊಟ್ಟರು. ಇಲ್ಲಿಯವರ ಫೀಕಾ. "ನಿನಗೆ ಒಳ್ಳೆಯ ಕಿವಿಯಿದೆ. ಅದಕ್ಕಿಂತ, ಗೊತ್ತಿಲ್ಲ ಅನ್ನಲು ಬರುತ್ತದೆ. ನಾಳಿದ್ದು ಸಂಘದ ಸಭೆಯಿದೆ, ಹೇಳುತ್ತೇನೆ." ಅಷ್ಟಂದರೆ ಆದಂತೆಯೇ.

ಮನೆಗೆ ಬಂದಾಗ ಶೋಭನಾ ರಜೆಯ ದಿನದ ಹುರುಪಿನಲ್ಲಿ ಅಂಗಳದ ಮೇಜಿನ ಮೇಲೆ ಹಳೆಯ ಪಂಚೆ ಹರಡಿ ಸಾಬಕ್ಕಿ ಸಂಡಿಗೆ ಇಡುತ್ತಿದ್ದಳು.

"ನೋಡ್ರೀ, ಇಲ್ಲಿ ಜೂನಲ್ಲಿ ಸೂರ್ಯ ಮುಳುಗೋ ಯೋಚ್ನೇನೇ ಮಾಡಲ್ಲ. ನಮ್ಮೂರಲ್ಲಿ ಮೂರು ದಿನ ಬೇಕಾದ್ದು ಇಲ್ಲಿ ಒಂದೂವರೆ ದಿನಕ್ಕೆ ಗರಿಗರಿ. ಏನಾಯ್ತು ಪರೀಕ್ಷೆ?"

"ಆಯಿತು ಅನ್ನಿಸತ್ತೆ."

"ಹಾಗಾದ್ರೆ ಸ್ನಾನ ಆಮೇಲೆ. ಇಲ್ಲಿ ಕೂತ್ಕೊಂಡು ಕಾಗೆ ಕಾಯಿರಿ. ನಾನು ಇನ್ನೊಂದು ಪಾತ್ರೆ ಹಿಟ್ಟು ತರ್ತೀನಿ."

ಅವನು ಕುರ್ಚಿ ಎಳೆದುಕೊಂಡು ಕೂತ. ಕೈಗೆ ಒಂದು ಕೋಲು. ಸಂಡಿಗೆ ಕಾಯುವುದು ಅವನ ಬಾಲ್ಯದ ಉದ್ಯೋಗ. ಸಾಣಿಕಟ್ಟಾದ ಮನೆಯ ಹಿಂದೆ ಹುಣಸೆ ಮರ. ಅದರ ಅಂಚಿನ ನೆರಳಿನಲ್ಲಿ ಅವನು, ಬಿಸಿಲಿನಲ್ಲಿ ಸಂಡಿಗೆ. ಏಪ್ರಿಲಿನ ಸುಡು ಮಧ್ಯಾಹ್ನ. ಕಾಗೆ ಬಂದರೆ ಹೋ ಎನ್ನಬೇಕು. ಮರದೊಳಗಿಂದ ಇಡೀ ದಿನ ಚೀವೀ, ಚೀವೀ ಎಂದು ಒಂದೇ ಸಮ. ಹಸಿರು ಬಣ್ಣದ ಪುಟ್ಟ ಹಕ್ಕಿ. ಅದನ್ನು ಅಮ್ಮ ಚೀವಿ ಎಂದೇ ಕರೆಯುತ್ತಿದ್ದಳು. ಮಳೆಗಾಲ ಮುಗಿದು ಅದು ಬಂದರೆ, "ಚೀವಿ ಬಂತು, ಹಾಸಿಗೆಯೆಲ್ಲ ಬಿಸಿಲಿಗೆ ಹಾಕು," ಎನ್ನುವಳು. ಮೇ ತಿಂಗಳಲ್ಲಿ ಅದು ಸುಮ್ಮನಾದರೆ ಆಗರದವರು ಉಪ್ಪಿನ ರಾಶಿಗೆ ಸೋಗೆ ಹೊದಿಸಲು ಶುರುಮಾಡುತ್ತಿದ್ದರು. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿದವರಲ್ಲ. ಘಟ್ಟದ ಮೇಲೆ ಹೋಗುತ್ತದೆ ಎಂದು ಅಮ್ಮ ಅಂದುಕೊಂಡಿದ್ದಳು.

ಇಲ್ಲಿ ಸಂಡಿಗೆಯಿದೆ, ಬಿಸಿಲಿದೆ, ಕೋಲಿದೆ. ಏನೋ ಒಂದಿಲ್ಲ ಅನ್ನಿಸಿತು ಅವನಿಗೆ. ಚೀವಿಯ ಸದ್ದಿಲ್ಲ. ಇಲ್ಲಿ ಅದೆಲ್ಲಿಂದ ಬರಬೇಕು ಎಂದುಕೊಂಡ. ಮರುಗಳಿಗೆಯೇ ಕೈಯಲ್ಲಿದ್ದ ಕೋಲು ನಿಂತಿತು.

ಬೆಳಿಗ್ಗೆ ಇತ್ತು.

ಏರಿನ ಮೇಲೆ, ಸ್ಪ್ರೂಸ್ ಮರದ ತಲೆಯಿಂದ, ಆ ಐದು ನಿಮಿಷದಲ್ಲಿ ಎರಡು ಮೂರು ಸಲ. ಚೀವೀ. ಕೇಳಿದ್ದ. ಕೇಳಿ ಎದೆ ಹಗುರ ಮಾಡಿಕೊಂಡಿದ್ದ. ಎಣಿಸಿರಲಿಲ್ಲ.

ಶೋಭನಾ ಪಾತ್ರೆ ಹಿಡಿದು ಹೊರಬಂದಾಗ ಕಾಗೆಯೊಂದು ಪಂಚೆಯ ಆ ತುದಿಯಲ್ಲಿ ಆರಾಮವಾಗಿ ಕೂತಿತ್ತು. "ರೀ! ಕಣ್ ಬಿಟ್ಕೊಂಡೇ ನಿದ್ದೆನಾ?"

ಅವನು ಹೇಳಿದ. ಅವಳು ಪಾತ್ರೆ ಕೆಳಗಿಟ್ಟು ಕೇಳಿಸಿಕೊಂಡಳು.

"ಕೇಳ್ಸಿದ್ದು ಗೊತ್ತೇ ಆಗ್ಲಿಲ್ವಾ?"

"ಇಲ್ಲ."

"ನಮ್ಮನೆ ಫ್ರಿಜ್ಜು ಸದ್ದು ಮಾಡತ್ತೆ, ಗೊತ್ತಾ ನಿಮ್ಗೆ? ಇಡೀ ರಾತ್ರಿ ಮಾಡತ್ತೆ. ಕಿವಿ ಎಲ್ಲಾನೂ ತಗೊಳ್ಳತ್ತೆ. ನಮ್ಮನೇದೇ ಅಂತ ಅನ್ಸಿದ್ದನ್ನ ತಲೆ ಒಳಗೆ ಬಿಡಲ್ಲ, ಅಷ್ಟೆ." ಅವಳು ಒಂದು ಸಂಡಿಗೆ ಇಟ್ಟಳು. "ಅಪರೂಪದ್ದಾ ಅದು ಇಲ್ಲಿ?"

ಅವನು ಒಳಗೆ ಹೋಗಿ ಪುಸ್ತಕ ತಂದ. ಹಾಡುಗಾರರ ಪುಟದ ಕೊನೆಯಲ್ಲಿ, ಅಜ್ಜ ಎಂದೂ ತೋರಿಸದೆ ದಾಟಿಬಿಟ್ಟಿದ್ದ ನಾಲ್ಕನೆಯ ಚಿತ್ರ. ತೋಪಿನ ಹಾಡುಗಾರ. ರೆಕ್ಕೆಯ ಮೇಲೆ ಒಂದೇ ಒಂದು ಸಣ್ಣ ಬಿಳಿ ಪಟ್ಟಿ, ಕಣ್ಣಿನ ಮೇಲೆ ಉದ್ದದ ಹುಬ್ಬು. ರೆಕ್ಕೆ ಕೊಡವುತ್ತಿರುತ್ತದೆ, ಬಾಲ ಒತ್ತುವುದಿಲ್ಲ. ಸ್ವೀಡನ್ನಿನಲ್ಲಿ ಅಪರೂಪ, ಎಲ್ಲೋ ಕೆಲವು ಬೇಸಿಗೆಗಳಲ್ಲಿ. ಚಳಿಗಾಲಕ್ಕೆ: ಭಾರತ.

ಘಟ್ಟದ ಮೇಲಲ್ಲ. ಇಲ್ಲಿಗೆ.

ಬಹಳ ಹೊತ್ತು ಆ ಪುಟ ನೋಡುತ್ತ ಕೂತ. ನಾಳಿದ್ದು ಸಭೆ. ಸುಮ್ಮನಿದ್ದರೆ ಸುತ್ತು ಅವನದು. ಈಗ ಹೇಳಿದರೆ, ಕೇಳಿ ಗಂಟೆಗಳಾದ ಮೇಲೆ ಸಂಡಿಗೆ ಕಾಯುತ್ತ ನೆನಪಾಯಿತು ಅಂದರೆ, ಹಲ್ಲಿನ ಡಾಕ್ಟರನ ಪಕ್ಕದಲ್ಲಿ ಇನ್ನೊಂದು ಕುರ್ಚಿ. ಒಂದೋ ಬೆಳಿಗ್ಗೆ ತಪ್ಪಿದ್ದಾನೆ, ಇಲ್ಲವೇ ಈಗ ಕಟ್ಟಿ ಹೇಳುತ್ತಿದ್ದಾನೆ. ಎರಡರಲ್ಲಿ ಯಾವುದಾದರೂ ಸುತ್ತು ಕೈಬಿಟ್ಟ ಹಾಗೆಯೇ. ಅಜ್ಜನಿಗೂ ಮುಜುಗರ. ಇದನ್ನೆಲ್ಲ ಹೆಂಡತಿಗೂ ಹೇಳಿದ.

"ಹೇಳ್ಬೇಡಿ ಹಾಗಾದ್ರೆ," ಎಂದಳು ಶೋಭನಾ. "ಒಂದು ಹಕ್ಕಿ ತಾನೇ. ಅದೇನು ಬಂದು ನನ್ಯಾಕೆ ಎಣಿಸ್ಲಿಲ್ಲ ಅಂತ ಜಗಳ ಆಡತ್ತಾ?"

"ಆಡಲ್ಲ."

"ಮತ್ತೆ?"

ಅವನು ಪುಸ್ತಕ ಮುಚ್ಚಿದ. ಖಾಲಿಯಾದದ್ದು ಕಾಡಲ್ಲ ಎಂದು ಕಲ್ಲಿನ ಮೇಲೆ ಕೂತ ಅಜ್ಜನ ಮುಖ ನೆನಪಾಯಿತು. ಆ ದಿನ ಅಜ್ಜ, ಈ ಹುಡುಗ ಬೇಲಿ ಕಟ್ಟುವವನು, ಇವನಿಗೇನು ಗೊತ್ತು ಎಂದು ಹೋಗಿಬಿಡಬಹುದಿತ್ತು. ತನ್ನ ಕಿವಿಯೇ ತಪ್ಪು ಎಂದು ಒಪ್ಪಿಕೊಳ್ಳಲು ಅವನಿಗೆ ಹಿಡಿದದ್ದು ಒಂದೇ ಗಳಿಗೆ.

ಕೋಲನ್ನು ಶೋಭನಾಳ ಕೈಗೆ ಕೊಟ್ಟು, ಫೋನು ತೆಗೆದುಕೊಂಡು ಕಟ್ಟಿಗೆ ಒಟ್ಟಿನ ಕಡೆ ನಡೆದ.

ಫೋನು ಎತ್ತಿದವರು ಗುನಿಲ್ಲಾ. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಊರಿನಲ್ಲಿ ಅದು ಕಾಗೆಯಷ್ಟೇ ಸಾಮಾನ್ಯ, ಹಾಗಾಗಿ ಕೇಳಿಯೂ ಕೇಳಲಿಲ್ಲ. ಕೊನೆಗೆ ಅವರು, "ನಾಳೆ ಬೆಳಿಗ್ಗೆ ಬರುತ್ತೇನೆ," ಎಂದಷ್ಟೇ ಹೇಳಿ ಇಟ್ಟರು. ಸಿಟ್ಟೋ ಏನೋ ತಿಳಿಯಲಿಲ್ಲ.

ಮರುದಿನ ರಾಗ್ನರಜ್ಜನೂ ಹೊರಟ. ಬೇಡವೆಂದರೂ ಕೇಳಲಿಲ್ಲ. ಮಡಚುವ ಸ್ಟೂಲು ಹಿಡಿದು, ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಏರು ಹತ್ತಿದ. ಮಹಾಬಲೇಶ್ವರನಿಗೆ ಅವನ ಮುಖ ನೋಡಲಾಗುತ್ತಿರಲಿಲ್ಲ.

"ಅಪರೂಪದ್ದು ಬೇಡ ಅಂದಿದ್ದೆ ನಿನಗೆ," ಎಂದ ಅಜ್ಜ, ಏದುಸಿರಿನ ನಡುವೆ.

"ನನಗೆ ಅದು ಅಪರೂಪದ್ದಲ್ಲ ಅಜ್ಜ. ಅದೇ ತೊಂದರೆಯಾದದ್ದು."

ಅಜ್ಜ ನಿಂತ. ಹೊಟ್ಟೆ ಕುಲುಕುವಂತೆ, ಸದ್ದಿಲ್ಲದೆ ನಕ್ಕ. ಮತ್ತೆ ಹತ್ತಿದ.

ಜಾಗ ಮುಟ್ಟಿ ಕೂತರು. ರೆನ್ ಹಾಡಿತು. ರಾಜಹಕ್ಕಿ ಹಾಡಿತು, ಅಜ್ಜ ಇವನ ಮುಖ ನೋಡಿದಾಗ ಇವನು ಬೆರಳೆತ್ತಿ ತೋರಿಸಿದ. ಸೊಳ್ಳೆಗಳು ಬಂದವು. ಬಿಸಿಲು ಮರದ ತುದಿಯಿಂದ ನಡುವಿಗೆ ಇಳಿಯಿತು. ಚೀವಿ ಇಲ್ಲ. ತೊರೆಯ ಸದ್ದಿನೊಳಗೆಲ್ಲ ಅವನು ಅದನ್ನೇ ಹುಡುಕಿದ, ಹುಡುಕಿದಷ್ಟೂ ಎಲ್ಲ ಕಡೆ ಕೇಳಿಸಿದಂತಾಗಿ ಬೆವರಿದ.

ಆಗ ಗುನಿಲ್ಲಾ ಅವನ ತೋಳು ಹಿಡಿದರು. "ಅಲ್ಲಿ. ಆಸ್ಪೆನ್ನಿನ ಎಡಕ್ಕೆ, ಸ್ಪ್ರೂಸಿನ ಮೇಲಿನ ಕೊಂಬೆ."

ಪುಟ್ಟ ಹಸಿರು ಹಕ್ಕಿ. ಹಾಡುತ್ತಿಲ್ಲ, ಹುಳ ಹೆಕ್ಕುತ್ತಿದೆ. ಕಣ್ಣಿನ ಮೇಲೆ ಹುಬ್ಬಿದೆ. ರೆಕ್ಕೆ ಮಡಚಿದ ಜಾಗದಲ್ಲಿ, ದುರ್ಬೀನಿನಲ್ಲಿ ಸ್ಪಷ್ಟವಾಗಿ, ಬಿಳಿಯ ಒಂದು ಗೆರೆ.

"ರೆಕ್ಕೆಯ ಪಟ್ಟಿ ಕಾಣುತ್ತಿದೆ ನನಗೆ," ಎಂದರು ಗುನಿಲ್ಲಾ ಪಿಸುದನಿಯಲ್ಲಿ. ಶಿಕ್ಷಕಿಯ ದನಿಯಲ್ಲ, ಹುಡುಗಿಯ ದನಿ. "ನಿನಗೆ?"

"ಕಾಣುತ್ತಿದೆ."

ಅಜ್ಜ ಸ್ಟೂಲಿನಿಂದ ಅರ್ಧ ಎದ್ದಿದ್ದ. ಇನ್ನು ಮಹಾಬಲೇಶ್ವರ ಹೂಂ ಅಂದರೆ ಸಾಕು. ಇಬ್ಬರು ಕಂಡಿದ್ದಾರೆ, ಒಬ್ಬರು ಸಂಘದವರೇ. ಚೀವಿ ಎಣಿಕೆಗೆ ಬರುತ್ತದೆ, ಸುತ್ತು ಉಳಿಯುತ್ತದೆ, ಅಜ್ಜನ ಮಾತು ಉಳಿಯುತ್ತದೆ.

"ಸ್ವಲ್ಪ ತಡೆಯಿರಿ," ಎಂದ.

ಹಕ್ಕಿ ಒಂದು ಕೊಂಬೆ ಕೆಳಗೆ ಹಾರಿ ನೆರಳಿಗೆ ಬಂತು. ಗೆರೆ ಹೋಯಿತು, ಅದು ಎಲೆಗಳ ನಡುವಿನ ಬಿಸಿಲು. ಹಕ್ಕಿ ಕೂತಿತು. ಬಾಲ ಕೆಳಗೆ ಒತ್ತಿತು. ಒಮ್ಮೆ. ಎರಡು ಸಲ. ಪಂಪಿನ ಹಿಡಿಕೆಯ ಹಾಗೆ, ಬಿಡದೆ.

ಹುಣಸೆ ಮರದ ಚೀವಿಯನ್ನು ಅವನು ಎಷ್ಟು ಏಪ್ರಿಲುಗಳಲ್ಲಿ ಕಂಡಿದ್ದನೋ. ಒಂದು ದಿನವೂ ಅದು ಬಾಲ ಹೀಗೆ ಒತ್ತಿರಲಿಲ್ಲ.

"ಇದು ಅದಲ್ಲ," ಎಂದ. "ಸ್ಪ್ರೂಸಿನದು."

ಗುನಿಲ್ಲಾ ದುರ್ಬೀನು ಇಳಿಸದೆ ಇನ್ನಷ್ಟು ನೋಡಿದರು. "ಹೌದು," ಎಂದರು ನಿಧಾನವಾಗಿ. ಆಗ ಅದೂ ಅಣಕಿಸುವಂತೆ ಬಾಯಿಬಿಟ್ಟಿತು: ಚಿಲ್, ಚಲ್, ಚಿಲ್.

ಮಧ್ಯಾಹ್ನ ಹತ್ತಿರವಾಗುವವರೆಗೆ ಕೂತರು. ಬೇರೇನೂ ಬರಲಿಲ್ಲ.

ಇಳಿಯುವಾಗ ಗುನಿಲ್ಲಾ ಹೇಳಿದರು, "ನಿನ್ನೆ ಇಲ್ಲಿ ನನಗೂ ಒಂದು ಸದ್ದು ಕೇಳಿಸಿತ್ತು. ಬಯಲಲ್ಲಿ ಬಾಲ ಕುಣಿಸುವ ಬಿಳಿ ಕುಂಡೆಕುಸ್ಕ ಅಂದುಕೊಂಡೆ, ಅದರ ಕೂಗೂ ಹಾಗೇ, ಮೇಲೆ ಹಾರಿ ಹೋಗುತ್ತಿದೆ ಅಂತ. ಹಾಗೇ ಬರೆದೂ ಬರೆದೆ. ನೀನು ಅದನ್ನು ಹೇಳಲಿಲ್ಲ. ಇವನಿಗೆ ಒಂದು ತಪ್ಪಿತು ಅಂದುಕೊಂಡೆ. ರಾತ್ರಿಯೆಲ್ಲ ಯೋಚಿಸಿದೆ. ಇಷ್ಟು ದಟ್ಟ ಕಾಡಿನಲ್ಲಿ ಅದಕ್ಕೇನು ಕೆಲಸ?" ಜೇಬಿನಿಂದ ಕಾಗದ ತೆಗೆದರು. "ಅದನ್ನು ಹೊಡೆದು ಹಾಕುತ್ತೇನೆ. ನಿನ್ನದನ್ನು ಬರೆಯಲು ಬರುವುದಿಲ್ಲ. ಗೊತ್ತಲ್ಲ?"

"ಗೊತ್ತು."

"ನಾಳೆ ಸಭೆಯಲ್ಲಿ ಎಲ್ಲವನ್ನೂ ಹೇಳುತ್ತೇನೆ. ನೀನು ತಪ್ಪಿದ್ದನ್ನು, ನಾನು ತಪ್ಪಿದ್ದನ್ನು. ಇವತ್ತಿನ ಹಕ್ಕಿಯನ್ನೂ."

ಅಜ್ಜ ಹಿಂದಿನಿಂದ, "ಏನಂದಳು?" ಎಂದು ಕೂಗಿದ. ತೊರೆಯ ಸದ್ದಿಗೆ ಅವನಿಗೆ ಏನೂ ಕೇಳಿಸಿರಲಿಲ್ಲ.

"ಹಲ್ಲಿನ ಡಾಕ್ಟರಿಗಿಂತ ವಾಸಿ ಅಂದೆ!" ಎಂದು ಗುನಿಲ್ಲಾ ತಿರುಗಿ ಕೂಗಿದರು.

ಮರುವರ್ಷ ಜೂನಿನಲ್ಲಿ ಮಹಾಬಲೇಶ್ವರ ತನ್ನದೇ ಸುತ್ತಿಗೆ ಒಬ್ಬನೇ ಹೋದ. ಕುರಿಗಳ ಬೇಲಿ ದಾಟಿ, ಕೆರೆಯಂಚು ದಾಟಿ, ಏರು ಹತ್ತಿ. ಸ್ಪ್ರೂಸ್ ಮರಗಳ ಕೆಳಗೆ ಐದು ನಿಮಿಷ ನಿಂತ. ಎದೆ ಹಗುರಾಗಲಿಲ್ಲ, ಇವತ್ತಿಲ್ಲ ಎಂದು ಅದರಿಂದಲೇ ತಿಳಿಯಿತು. ಆದರೂ ಐದು ನಿಮಿಷ ಪೂರ್ತಿ ನಿಂತ.

ಬಂದಾಗ ಅಜ್ಜ ಇವರ ಅಂಗಳದಲ್ಲಿ ಸಂಡಿಗೆ ಮೇಜಿನ ಪಕ್ಕ ಕೂತಿದ್ದ. ಕೋಲು ಅವನ ಕೈಯಲ್ಲಿತ್ತು. ಶೋಭನಾ ಅವನಿಗೆ ಒಂದು ತಟ್ಟೆ ಕರಿದ ಸಂಡಿಗೆ ಕೊಟ್ಟು ಕೂರಿಸಿದ್ದಳು.

"ಹೇಳು," ಎಂದ ಅಜ್ಜ. "ಮೊದಲನೆಯ ಜಾಗದಿಂದ."

"ಕಾಗೆ ಎರಡು," ಎಂದು ಶುರುಮಾಡಿದ ಮಹಾಬಲೇಶ್ವರ.

"ಕಾಗೆನೂ ಲೆಕ್ಕಕ್ಕಾ?" ಬಾಗಿಲಲ್ಲಿ ನಿಂತಿದ್ದ ಶೋಭನಾ ಕೇಳಿದಳು.

"ಅದೇ ಮೊದಲು," ಎಂದ ಅವನು. ಅಜ್ಜನ ಕಿವಿಯ ಹತ್ತಿರ ಕುರ್ಚಿ ಎಳೆದುಕೊಂಡು, ದನಿ ಸ್ವಲ್ಪ ಏರಿಸಿ, ಎರಡನೆಯ ಹಕ್ಕಿಗೆ ಬಂದ.